ಕೈಗಡಿಯಾರಕ್ಕೆ ಕಿಲೋಮೀಟರ್ ಗೊತ್ತಾಗುವುದು ಹೇಗೆ?

ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ವಿಶ್ವ 10ಕೆ ಓಟವಿರಲಿ, ಊರೂರುಗಳಲ್ಲಿ ನಡೆಯುವ ಸಣ್ಣಪುಟ್ಟ ಹತ್ತು ಕಿಲೋಮೀಟರ್ ಓಟಗಳಿರಲಿ, ಮುಗಿದ ಅರ್ಧ ಗಂಟೆಯೊಳಗೆ ಓಟಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ತಕರಾರು ಹುಟ್ಟಿಕೊಳ್ಳುತ್ತದೆ. ‘ನನ್ನ ವಾಚಿನಲ್ಲಿ 10.15 ಬಂದಿದೆ, ದಾರಿಯನ್ನೇ ಉದ್ದ ಮಾಡಿದ್ದಾರೆ’ ಎಂದು ಒಬ್ಬರು ಬರೆಯುತ್ತಾರೆ, ‘ನನ್ನದರಲ್ಲಿ 9.94, ಗಿಡ್ಡ ಮಾಡಿದ್ದಾರೆ’ ಎಂದು ಇನ್ನೊಬ್ಬರು. ಇಬ್ಬರೂ ಓಡಿದ್ದು ಅದೇ ರಸ್ತೆಯಲ್ಲಿ, ಅದೇ ಬೆಳಿಗ್ಗೆ.

ತಕರಾರು ತಮಾಷೆಯಾಗಿ ಕಂಡರೂ ಅದರ ಹಿಂದೆ ತಿಂಗಳುಗಟ್ಟಲೆ ಪಟ್ಟ ಶ್ರಮ ಇರುತ್ತದೆ. ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸಬೇಕೆಂದು ಹಟ ತೊಟ್ಟವರು ಪ್ರತಿ ಕಿಲೋಮೀಟರನ್ನು 5 ನಿಮಿಷ 59 ಸೆಕೆಂಡಿನಲ್ಲಿ ಓಡುವಂತೆ ವಾಚ್ ನೋಡಿಕೊಂಡೇ ಓಡುತ್ತಾರೆ. ವಾಚ್ ಕೊನೆಯವರೆಗೂ 5:59 ಎಂದೇ ತೋರಿಸುತ್ತದೆ. ಆದರೆ ಅಂತಿಮ ಗೆರೆ ಬರುವ ಹೊತ್ತಿಗೆ ಅದೇ ವಾಚ್ ಓಡಿದ ದೂರ 10.15 ಕಿಲೋಮೀಟರ್ ಎಂದು ಲೆಕ್ಕ ಹಾಕಿರುತ್ತದೆ, ಹಿಡಿದ ಸಮಯ 60 ನಿಮಿಷ 44 ಸೆಕೆಂಡ್ ಆಗಿರುತ್ತದೆ. ಲೆಕ್ಕದಲ್ಲಿ ಎಲ್ಲಿಯೂ ಸುಳ್ಳಿಲ್ಲ, ಆದರೂ ಗುರಿ ತಪ್ಪಿದೆ. ಇದು ಏಕೆ ಹೀಗಾಗುತ್ತದೆ ಎಂದು ತಿಳಿಯಬೇಕಾದರೆ ಮಣಿಕಟ್ಟಿನ ಮೇಲಿನ ಆ ಸಣ್ಣ ಯಂತ್ರ ಏನನ್ನು ಅಳೆಯುತ್ತದೆ, ಏನನ್ನು ಊಹಿಸುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಪೇಸ್ ಎಂದರೇನು?

ಬಸ್ಸು, ಬೈಕುಗಳ ವೇಗವನ್ನು ನಾವು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಹೇಳುತ್ತೇವೆ. ಓಟಗಾರರು ಅದನ್ನು ತಿರುಗಿಸಿ ಕಿಲೋಮೀಟರಿಗೆ ಇಷ್ಟು ನಿಮಿಷ ಎನ್ನುತ್ತಾರೆ. ಅದೇ ಪೇಸ್. ಗಂಟೆಗೆ 10 ಕಿ.ಮೀ. ವೇಗವೆಂದರೆ 6:00 ಪೇಸ್, 12 ಕಿ.ಮೀ. ಎಂದರೆ 5:00, 8 ಕಿ.ಮೀ. ಎಂದರೆ 7:30. ಅಂಕಿ ಕಡಿಮೆಯಾದಷ್ಟೂ ಓಟ ಜೋರು ಎಂಬುದು ಹೊಸಬರನ್ನು ಕೆಲವು ದಿನ ಗೊಂದಲಕ್ಕೆ ಕೆಡವುತ್ತದೆ, ಆಮೇಲೆ ರೂಢಿಯಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಪೇಸ್ ಎಂಬುದು ಸಮಯವನ್ನು ದೂರದಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ಇದರಲ್ಲಿ ಸಮಯದ ಬಗ್ಗೆ ಚಿಂತೆಯಿಲ್ಲ. ಅತಿ ಅಗ್ಗದ ಡಿಜಿಟಲ್ ಗಡಿಯಾರವೂ ಒಂದು ಗಂಟೆಯಲ್ಲಿ ಒಂದು ಸೆಕೆಂಡಿನಷ್ಟು ತಪ್ಪುವುದಿಲ್ಲ. ತಪ್ಪು ಏನಿದ್ದರೂ ದೂರದ ಕಡೆಯಿಂದ ಬರುತ್ತದೆ. ದೂರದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೆ 6:00 ಪೇಸಿನಲ್ಲಿ ಓಡುವವರಿಗೆ ಕಿಲೋಮೀಟರಿಗೆ ಮೂರೂವರೆ ಸೆಕೆಂಡಿಗಿಂತ ತುಸು ಹೆಚ್ಚು ಏರುಪೇರಾಗುತ್ತದೆ.

ದೇವಸ್ಥಾನದ ಗಂಟೆ ಮತ್ತು ಉಪಗ್ರಹ

ಓಟದ ವಾಚುಗಳಲ್ಲಿ ದೂರವನ್ನು ತಿಳಿಯುವ ಮುಖ್ಯ ದಾರಿ ಜಿಪಿಎಸ್. ಇದು ಅಮೆರಿಕದ ಉಪಗ್ರಹ ವ್ಯವಸ್ಥೆಯ ಹೆಸರು. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ, ನಮ್ಮ ದೇಶದ ನಾವಿಕ್ ಇವೂ ಇದೇ ಬಗೆಯವಾದರೂ ಮಾತಿನಲ್ಲಿ ಎಲ್ಲವನ್ನೂ ಜಿಪಿಎಸ್ ಎಂದೇ ಕರೆಯುವುದು ರೂಢಿ.

ಉಪಗ್ರಹ ನಮ್ಮನ್ನು ಮೇಲಿನಿಂದ ನೋಡುತ್ತಿರುತ್ತದೆ ಎಂಬ ಕಲ್ಪನೆ ಹಲವರಲ್ಲಿದೆ. ಅದು ಸರಿಯಲ್ಲ. ಜಿಪಿಎಸ್ ಉಪಗ್ರಹಕ್ಕೆ ನಾವಿದ್ದೇವೆಂದೇ ಗೊತ್ತಿರುವುದಿಲ್ಲ. ಅದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ‘ನಾನು ಇಂಥ ಜಾಗದಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ರೇಡಿಯೊ ಅಲೆಗಳ ಮೂಲಕ ಬಿಡುವಿಲ್ಲದೆ ಸಾರುತ್ತಿರುತ್ತದೆ. ಉಳಿದ ಕೆಲಸವೆಲ್ಲ ನಮ್ಮ ವಾಚಿನದು.

ಆ ಕೆಲಸವನ್ನು ಹೀಗೆ ಊಹಿಸಿಕೊಳ್ಳಬಹುದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಸಿಡಿಲು ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುವುದು ನಮಗೆ ಗೊತ್ತು. ಈಗ ಒಂದು ಊರಿನ ಸುತ್ತ ಮೂರು ದೇವಸ್ಥಾನಗಳಿವೆ ಎನ್ನೋಣ. ಮೂರರಲ್ಲಿಯೂ ಬೆಳಿಗ್ಗೆ ಸರಿಯಾಗಿ ಆರು ಗಂಟೆಗೆ ಗಂಟೆ ಬಾರಿಸುತ್ತಾರೆ. ಹೊಲದಲ್ಲಿ ನಿಂತ ಒಬ್ಬನಿಗೆ ಮೊದಲನೆಯದು ಆರು ಗಂಟೆಯಾಗಿ ಎರಡು ಸೆಕೆಂಡಿಗೆ, ಎರಡನೆಯದು ಮೂರು ಸೆಕೆಂಡಿಗೆ, ಮೂರನೆಯದು ಐದು ಸೆಕೆಂಡಿಗೆ ಕೇಳಿಸಿದರೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ ಎಂಬ ಲೆಕ್ಕದಿಂದ ಪ್ರತಿ ದೇವಸ್ಥಾನದಿಂದಲೂ ತಾನೆಷ್ಟು ದೂರದಲ್ಲಿದ್ದೇನೆಂದು ಆತ ಹೇಳಬಲ್ಲ. ನಕ್ಷೆಯ ಮೇಲೆ ಮೂರು ವೃತ್ತ ಎಳೆದರೆ ಅವು ಕೂಡುವ ಒಂದೇ ಬಿಂದುವೇ ಅವನು ನಿಂತ ಜಾಗ.

ಆದರೆ ಅವನ ಕೈಗಡಿಯಾರವೇ ಒಂದು ಸೆಕೆಂಡ್ ಮುಂದಿದ್ದರೆ? ಆಗ ಮೂರೂ ದೂರಗಳು ತಲಾ 340 ಮೀಟರ್ ಹೆಚ್ಚಾಗಿ ಬರುತ್ತವೆ, ವೃತ್ತಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಎಲ್ಲದರಲ್ಲಿಯೂ ಎಷ್ಟನ್ನು ಕಳೆದರೆ ಅವು ಸರಿಯಾಗಿ ಕೂಡುತ್ತವೆ ಎಂದು ಹುಡುಕಿದರೆ ಗಡಿಯಾರದ ತಪ್ಪೂ ಸಿಕ್ಕಿಬೀಳುತ್ತದೆ. ನೆಲದ ಮೇಲೆ ಇದಕ್ಕೆ ಮೂರು ದೇವಸ್ಥಾನ ಸಾಕು. ಎತ್ತರವನ್ನೂ ಕಂಡುಹಿಡಿಯಬೇಕಾದ ಆಕಾಶದ ಲೆಕ್ಕಕ್ಕೆ ಇನ್ನೂ ಒಂದು ಬೇಕು. ಜಿಪಿಎಸ್‌ಗೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು ಎನ್ನುವುದು ಇದಕ್ಕಾಗಿಯೇ.

ವ್ಯತ್ಯಾಸವಿರುವುದು ವೇಗದಲ್ಲಿ. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವುದರಿಂದ ನೆತ್ತಿಯ ಮೇಲಿನ ಉಪಗ್ರಹದ ಕೂಗು ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ನೂರರಲ್ಲಿ ಏಳು ಭಾಗ ಸಾಕು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಎಣಿಕೆ ತಪ್ಪಿದರೆ ದೂರದಲ್ಲಿ 30 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಡಿ ತಪ್ಪುತ್ತದೆ. ಅದಕ್ಕಾಗಿ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಐನ್‌ಸ್ಟೀನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಆ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೋಡುತ್ತವೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ 10 ಕಿಲೋಮೀಟರಿಗೂ ಹೆಚ್ಚು ತಪ್ಪು ಕೂಡಿಕೊಳ್ಳುತ್ತದೆ. ಬೆಳಗಿನ ಜಾಗಿಂಗಿಗೂ ಐನ್‌ಸ್ಟೀನರು ಬೇಕಾಗುತ್ತಾರೆ.

ಹಾಗಿದ್ದರೂ ಈ ಸೌಲಭ್ಯ ಸಾಮಾನ್ಯ ಓಟಗಾರರ ಕೈಗೆ ಬಂದದ್ದು ಇತ್ತೀಚೆಗೆ. 2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. ಸ್ಥಾನದಲ್ಲಿ ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಓಟದ ವಾಚು ಎಂಬ ವಸ್ತುವಿಗೆ ಅರ್ಥ ಬಂತು. ಗಾರ್ಮಿನ್ ಕಂಪನಿಯ ಫೋರ್‌ರನ್ನರ್ 201 ಮಾರುಕಟ್ಟೆಗೆ ಬಂದದ್ದು 2003ರಲ್ಲಿ.

ಚುಕ್ಕಿ ಇಟ್ಟು ಗೆರೆ ಎಳೆಯುವುದು

ವಾಚಿಗೆ ಹೀಗೆ ಸಿಗುವುದು ದೂರವಲ್ಲ, ಒಂದು ಸ್ಥಾನ, ಒಂದು ಚುಕ್ಕಿ. ಸಾಮಾನ್ಯವಾಗಿ ಸೆಕೆಂಡಿಗೊಂದರಂತೆ ಅದು ಚುಕ್ಕಿ ಇಡುತ್ತಾ ಹೋಗುತ್ತದೆ, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಗೆರೆಗಳ ಉದ್ದವನ್ನು ಕೂಡಿಸುತ್ತದೆ. ಅಂಗಳದ ಚುಕ್ಕಿ ರಂಗೋಲಿಯನ್ನು ಬಲ್ಲವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚುಕ್ಕಿಗಳು ಸಾಲು ತಪ್ಪಿದರೆ ನೇರವಾಗಬೇಕಾದ ಗೆರೆ ಸೊಟ್ಟಗಾಗುತ್ತದೆ, ಸೊಟ್ಟ ಗೆರೆ ನೇರ ಗೆರೆಗಿಂತ ಯಾವಾಗಲೂ ಉದ್ದ.

6:00 ಪೇಸಿನಲ್ಲಿ ಓಡುವವರು ಒಂದು ಸೆಕೆಂಡಿನಲ್ಲಿ ಸಾಗುವುದು ಸುಮಾರು 2.8 ಮೀಟರ್. ಬಯಲಿನಲ್ಲಿಯೂ ಪ್ರತಿ ಚುಕ್ಕಿ ನಿಜವಾದ ಜಾಗದಿಂದ ಮೂರು ನಾಲ್ಕು ಮೀಟರ್ ಆಚೀಚೆ ಬೀಳಬಹುದು. ಅಂದರೆ ತಪ್ಪೇ ಹೆಜ್ಜೆಗಿಂತ ದೊಡ್ಡದು! ಹಾಗಾದರೆ ದೂರವೆಲ್ಲ ಕೆಟ್ಟುಹೋಗಬೇಕಲ್ಲವೇ ಎಂದರೆ, ಅಷ್ಟು ಕೆಡುವುದಿಲ್ಲ. ಅಕ್ಕಪಕ್ಕದ ಸೆಕೆಂಡುಗಳ ತಪ್ಪುಗಳು ಬಹುಮಟ್ಟಿಗೆ ಒಂದೇ ದಿಕ್ಕಿನವು. ಎಲ್ಲ ಚುಕ್ಕಿಗಳೂ ಒಟ್ಟಾಗಿ ಮೂರು ಮೀಟರ್ ಎಡಕ್ಕೆ ಸರಿದರೆ ನಕ್ಷೆಯಲ್ಲಿ ನಾವು ಚರಂಡಿಯ ಮೇಲೆ ಓಡಿದಂತೆ ಕಾಣುತ್ತದೆ, ಗೆರೆಯ ಉದ್ದ ಮಾತ್ರ ಸರಿಯಾಗಿರುತ್ತದೆ. ಕೆಡಿಸುವುದು ಒಂದು ಚುಕ್ಕಿ ಎಡಕ್ಕೆ, ಇನ್ನೊಂದು ಬಲಕ್ಕೆ ಬೀಳುವ ತಪ್ಪು. ಒಂದು ಚುಕ್ಕಿ ಅರ್ಧ ಮೀಟರ್ ಎಡಕ್ಕೂ ಮುಂದಿನದು ಅರ್ಧ ಮೀಟರ್ ಬಲಕ್ಕೂ ಬೀಳುತ್ತಾ ಹೋದರೆ ದೂರ ನೂರಕ್ಕೆ ಆರರಷ್ಟು ಉಬ್ಬುತ್ತದೆ. ಇದನ್ನು ತಡೆಯಲು ವಾಚಿನ ಸಾಫ್ಟ್‌ವೇರ್ ಹಿಂದಿನ ಚುಕ್ಕಿಗಳನ್ನು ನೋಡಿ ಹೊಸದನ್ನು ತಿದ್ದಿಕೊಳ್ಳುತ್ತದೆ. ಮನುಷ್ಯ ಸೆಕೆಂಡಿನೊಳಗೆ ಹತ್ತು ಮೀಟರ್ ಪಕ್ಕಕ್ಕೆ ಜಿಗಿಯಲಾರ ಎಂಬಂಥ ತಿಳಿವಳಿಕೆಯನ್ನು ಅದರಲ್ಲಿ ಅಳವಡಿಸಿರುತ್ತಾರೆ. ಈ ತಿದ್ದುವ ವಿಧಾನ ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಕೈಯಲ್ಲಿ ಎರಡು ಕಂಪನಿಗಳ ವಾಚ್ ಕಟ್ಟಿ ಓಡಿದರೂ ಎರಡು ದೂರ ಬರಲು ಇದು ಒಂದು ಕಾರಣ.

ಸಿಗ್ನಲ್ಲಿನಲ್ಲಿ ನಿಂತಾಗ ಇದು ಸ್ಪಷ್ಟವಾಗಿ ಕಾಣುತ್ತದೆ. ನಾವು ಅಲುಗಾಡದಿದ್ದರೂ ಚುಕ್ಕಿಗಳು ನಮ್ಮ ಸುತ್ತ ಜೇಡರ ಬಲೆ ನೇಯುತ್ತಿರುತ್ತವೆ, ಹತ್ತಿಪ್ಪತ್ತು ಮೀಟರ್ ಪುಕ್ಕಟೆಯಾಗಿ ಸೇರುತ್ತದೆ. ನಿಂತಾಗ ಲೆಕ್ಕವೂ ತಾನಾಗಿ ನಿಲ್ಲುವ ಆಟೊ ಪಾಸ್ ಎಂಬ ಸೌಲಭ್ಯ ಅದಕ್ಕಾಗಿ ಇದೆ.

ಚುಕ್ಕಿಗಳು ವಿರಳವಾದರೆ ತಪ್ಪು ಎದುರು ದಿಕ್ಕಿಗೆ ತಿರುಗುತ್ತದೆ. ಬ್ಯಾಟರಿ ಉಳಿಸುವ ಮೋಡ್‌ನಲ್ಲಿ ಕೆಲವು ವಾಚುಗಳು ಹಲವು ಸೆಕೆಂಡಿಗೊಮ್ಮೆ ಮಾತ್ರ ಚುಕ್ಕಿ ಇಡುತ್ತವೆ. ಆಗುಂಬೆ ಘಾಟಿಯಂಥ ಹೇರ್‌ಪಿನ್ ತಿರುವುಗಳ ರಸ್ತೆಯಲ್ಲಿ ತಿರುವಿನ ಈ ತುದಿಗೊಂದು, ಆ ತುದಿಗೊಂದು ಚುಕ್ಕಿ ಬಿದ್ದು, ಗೆರೆ ತಿರುವನ್ನು ಕತ್ತರಿಸಿಕೊಂಡು ನೇರ ಹೋಗಿಬಿಡುತ್ತದೆ, ದೂರ ಕಡಿಮೆಯಾಗುತ್ತದೆ. ಆರಂಭದಲ್ಲಿ ಹೇಳಿದ 9.94ರ ಮಹಾಶಯರ ವಾಚು ಇಂಥ ಮೋಡ್‌ನಲ್ಲಿದ್ದಿರಬಹುದು. ಏರುದಾರಿಯ ಬಗ್ಗೆ ಅಷ್ಟಾಗಿ ಚಿಂತಿಸಬೇಕಾಗಿಲ್ಲ: ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡಿದಾದ ರಸ್ತೆಯಲ್ಲಿಯೂ ನಕ್ಷೆಯ ಒಂದು ಕಿಲೋಮೀಟರಿಗೂ ಕಾಲು ಸವೆಸಿದ ದೂರಕ್ಕೂ ಇರುವ ಅಂತರ ಐದೇ ಮೀಟರ್.

ಮರ, ಗೋಡೆ, ಗೋಲಗುಮ್ಮಟ

ಉಪಗ್ರಹ ಹೊರಡಿಸುವ ಶಕ್ತಿ ಕೆಲವು ಹತ್ತು ವ್ಯಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟು. ಅದು 20 ಸಾವಿರ ಕಿಲೋಮೀಟರ್ ದಾಟಿ ಬರುವಾಗ ಎಷ್ಟು ಕ್ಷೀಣಿಸಿರುತ್ತದೆಂದರೆ ಮಳೆಯಲ್ಲಿ ನೆಂದ ದಟ್ಟ ಎಲೆಗಳ ಚಪ್ಪರವೂ ಅದಕ್ಕೆ ಅಡ್ಡಿಯೇ. ಕಬ್ಬನ್ ಪಾರ್ಕಿನ ಹಳೆಯ ಮರಗಳ ಕೆಳಗೆ ಮಳೆ ನಿಂತ ಒಂದು ಬೆಳಿಗ್ಗೆ ಎರಡು ಸುತ್ತು ಓಡಿ ಬಂದು ನಕ್ಷೆ ನೋಡಿದಾಗ, ಎರಡನೆಯ ಸುತ್ತಿನಲ್ಲಿ ನಾನು ಹೈಕೋರ್ಟಿನ ಕೆಂಪು ಗೋಡೆಯೊಳಕ್ಕೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂದಿದ್ದೆ. ಓಡಿದ್ದು ಮೊದಲ ಸುತ್ತಿನ ದಾರಿಯಲ್ಲಿಯೇ.

ಎಲೆಗಳಿಗಿಂತ ಹೆಚ್ಚು ತೊಂದರೆ ಕೊಡುವುದು ಎತ್ತರದ ಕಟ್ಟಡಗಳು ಮತ್ತು ಎಂ.ಜಿ. ರಸ್ತೆಯ ಮೆಟ್ರೊ ಮೇಲ್ಸೇತುವೆಯಂಥ ಕಾಂಕ್ರೀಟ್ ರಚನೆಗಳು. ಇವು ಸಂಕೇತವನ್ನು ತಡೆಯುವುದಷ್ಟೇ ಅಲ್ಲ, ಪ್ರತಿಫಲಿಸುತ್ತವೆ. ವಿಜಯಪುರದ ಗೋಲಗುಮ್ಮಟದ ಮೇಲಂತಸ್ತಿನಲ್ಲಿ ನಿಂತು ಕೂಗಿದರೆ ಅದೇ ಧ್ವನಿ ಮತ್ತೆ ಮತ್ತೆ ಮರಳಿ ಬರುತ್ತದೆ. ಕಣ್ಣು ಮುಚ್ಚಿಕೊಂಡರೆ ಕೂಗಿದವರು ಎಲ್ಲಿದ್ದಾರೆಂದು ಹೇಳುವುದು ಕಷ್ಟ. ಗಾಜಿನ ಕಟ್ಟಡಗಳ ನಡುವೆ ಓಡುವ ವಾಚಿನ ಪಾಡೂ ಇದೇ. ಗೋಡೆಗೆ ಬಡಿದು ಬಂದ ಅಲೆ ನೇರ ಬಂದ ಅಲೆಗಿಂತ ಹೆಚ್ಚು ದೂರ ಸಾಗಿರುತ್ತದೆ, ತಡವಾಗಿ ತಲುಪುತ್ತದೆ. ತಡವನ್ನೇ ದೂರವೆಂದು ಓದುವ ವಾಚು ಉಪಗ್ರಹ ಇನ್ನೂ ದೂರದಲ್ಲಿದೆ ಎಂದುಕೊಂಡು ಚುಕ್ಕಿಯನ್ನು ಪಕ್ಕದ ರಸ್ತೆಗೆ ಎಸೆಯುತ್ತದೆ.

ಈಚಿನ ದುಬಾರಿ ವಾಚುಗಳ ಜಾಹೀರಾತಿನಲ್ಲಿ ‘ಡ್ಯುಯಲ್ ಫ್ರೀಕ್ವೆನ್ಸಿ’ ಅಥವಾ ‘ಎಲ್1 + ಎಲ್5’ ಎಂದು ಬರೆದಿರುವುದು ಈ ಪ್ರತಿಧ್ವನಿಗೆ ಮದ್ದು. ಗೋಲಗುಮ್ಮಟದಲ್ಲಿ ‘ಓ’ ಎಂದು ಉದ್ದವಾಗಿ ಎಳೆದು ಕೂಗಿದರೆ ಕೂಗು ಮುಗಿಯುವುದರೊಳಗೆ ಮಾರ್ದನಿ ಬಂದು ಎರಡೂ ಕಲಸಿಹೋಗುತ್ತವೆ. ಒಮ್ಮೆ ಚಪ್ಪಾಳೆ ತಟ್ಟಿದರೆ ಮೂಲ ಶಬ್ದ ಯಾವುದು, ಮರುಶಬ್ದ ಯಾವುದು ಎಂದು ಬೇರೆ ಬೇರೆಯಾಗಿ ಕೇಳುತ್ತದೆ. ಎಲ್5 ಎಂಬ ಹೊಸ ಸಂಕೇತದ ಮಿಡಿತಗಳು ಹಳೆಯ ಎಲ್1ನವುಗಳಿಗಿಂತ ಹತ್ತು ಪಟ್ಟು ಗಿಡ್ಡ, ಚಪ್ಪಾಳೆಯ ಹಾಗೆ. ಆದ್ದರಿಂದ ಗೋಡೆಯಿಂದ ಮರಳಿದ್ದನ್ನು ವಾಚು ಗುರುತಿಸಿ ಕೈಬಿಡಬಲ್ಲದು. ಇದಕ್ಕೆ ತೆರಬೇಕಾದ ಬೆಲೆ ಬ್ಯಾಟರಿ. ಬಯಲಿನಲ್ಲಿ, ಕೆರೆ ಏರಿಯ ಮೇಲೆ, ಹಳ್ಳಿಯ ರಸ್ತೆಯಲ್ಲಿ ಓಡುವವರಿಗೆ ಇದರಿಂದ ಸಿಗುವ ಹೆಚ್ಚಿನ ಲಾಭ ಅಷ್ಟಕ್ಕಷ್ಟೆ ಎಂಬುದು ನನ್ನ ಅನುಭವ.

ನಾವಿಕ್ ಬಗ್ಗೆಯೂ ಒಂದು ಮಾತು. ಇಸ್ರೋದ ಈ ವ್ಯವಸ್ಥೆಯ ಉಪಗ್ರಹಗಳ ನಿಯಂತ್ರಣದಲ್ಲಿ ಹಾಸನದ ಕೇಂದ್ರದ ಪಾಲಿದೆ, ಅದರ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಆದರೂ ಬಹುಪಾಲು ವಾಚುಗಳು ಅದನ್ನು ಬಳಸದೆ ಬಂದಿದ್ದವು. ಮೊದಲ ಪೀಳಿಗೆಯ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ಎರಡು ರೇಡಿಯೊ ಆವರ್ತನ ಪಟ್ಟಿಗಳಲ್ಲಿ ಮಾತ್ರ ಸಂಕೇತ ಕಳುಹಿಸುತ್ತಿದ್ದವು, ಅಗ್ಗದ ಚಿಪ್‌ಗಳು ಕೇಳುವುದು ಎಲ್1ನ್ನು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಸಂಕೇತವೂ ಸೇರಿತು. ದೇಶದಲ್ಲಿಯೇ ತಯಾರಿಸಿದ ರುಬಿಡಿಯಂ ಪರಮಾಣು ಗಡಿಯಾರವೂ ಅದರಲ್ಲಿತ್ತು.

ಓಡುವಾಗ ಪೇಸ್ ಏಕೆ ಕುಣಿಯುತ್ತದೆ?

ಒಂದೇ ಸಮನೆ ಓಡುತ್ತಿದ್ದರೂ ಪರದೆಯ ಮೇಲೆ ಪೇಸ್ 5:40 ಎನ್ನುತ್ತದೆ, ಮರುಕ್ಷಣ 6:25 ಎನ್ನುತ್ತದೆ. ಎರಡು ಚುಕ್ಕಿಗಳ ನಡುವಿನ ದೂರವನ್ನು ಸೆಕೆಂಡಿನಿಂದ ಭಾಗಿಸಿದರೆ ಇನ್ನೂ ವಿಪರೀತವಾಗಿ ಕುಣಿಯುತ್ತಿತ್ತು. ಅದಕ್ಕಾಗಿ ವಾಚುಗಳು ಬೇರೊಂದು ಉಪಾಯವನ್ನೂ ಬಳಸುತ್ತವೆ.

ಪ್ಲಾಟ್‌ಫಾರಂನಲ್ಲಿ ನಿಂತಾಗ ಶಿಳ್ಳೆ ಹಾಕುತ್ತಾ ಹತ್ತಿರ ಬರುವ ರೈಲಿನ ಸ್ವರ ಏರಿದಂತೆಯೂ ನಮ್ಮನ್ನು ದಾಟಿ ಹೋದೊಡನೆ ಇಳಿದಂತೆಯೂ ಕೇಳುತ್ತದೆ. ಇದಕ್ಕೆ ಡಾಪ್ಲರ್ ಪರಿಣಾಮ ಎಂದು ಹೆಸರು. ಉಪಗ್ರಹದ ರೇಡಿಯೊ ‘ಸ್ವರ’ವೂ ನಾವು ಅದರ ಕಡೆಗೆ ಓಡುತ್ತಿದ್ದೇವೋ, ಅದರಿಂದ ದೂರ ಓಡುತ್ತಿದ್ದೇವೋ ಎಂಬುದಕ್ಕೆ ತಕ್ಕಂತೆ ಬದಲಾಗುತ್ತದೆ. ಎಲ್1 ಸಂಕೇತ ಸೆಕೆಂಡಿಗೆ 157 ಕೋಟಿ 54 ಲಕ್ಷ 20 ಸಾವಿರ ಬಾರಿ ಕಂಪಿಸುತ್ತದೆ. ಸೆಕೆಂಡಿಗೆ ಮೂರು ಮೀಟರ್ ಓಡುವವರಿಂದ ಅದರಲ್ಲಾಗುವ ಬದಲಾವಣೆ ಹೆಚ್ಚೆಂದರೆ ಹದಿನಾರು ಕಂಪನ. ಅಷ್ಟನ್ನೂ ಚಿಪ್ ಹಿಡಿಯುತ್ತದೆ. ಚುಕ್ಕಿಗಳಿಂದ ಹೊರಟ ಲೆಕ್ಕಕ್ಕಿಂತ ಇದು ಹೆಚ್ಚು ನಂಬಿಕೆಗೆ ಅರ್ಹ. ಆದರೆ ವಾಚು ಇರುವುದು ಮಣಿಕಟ್ಟಿನ ಮೇಲೆ, ಓಡುವಾಗ ಕೈ ಹಿಂದಕ್ಕೂ ಮುಂದಕ್ಕೂ ಬೀಸುತ್ತಲೇ ಇರುತ್ತದೆ, ದೇಹದ ವೇಗವೇ ಬೇರೆ ಕೈಯ ವೇಗವೇ ಬೇರೆ.

ಆದ್ದರಿಂದ ವಾಚು ಕಳೆದ ಹಲವು ಸೆಕೆಂಡುಗಳ ಸರಾಸರಿಯನ್ನು ತೋರಿಸುತ್ತದೆ. ಸರಾಸರಿಯ ಅವಧಿ ಉದ್ದವಾದಷ್ಟೂ ಅಂಕಿ ಶಾಂತವಾಗಿರುತ್ತದೆ, ಆದರೆ ಅದು ಹೇಳುವುದು ಹಳೆಯ ಸುದ್ದಿ. ಓಟವನ್ನು ಜೋರು ಮಾಡಿದ ಮೇಲೆ ಪೇಸ್ ಬದಲಾಗಲು ಐದಾರು ಸೆಕೆಂಡ್ ಹಿಡಿಯುವುದು ಇದರಿಂದಲೇ. ಇನ್ನೂರು ಮೀಟರಿನ ಬಿರುಸಿನ ಓಟಗಳನ್ನು ಮಾಡುವವರು ಪರದೆಯ ಪೇಸ್ ನೋಡುತ್ತಾ ಓಡಿದರೆ ಮೊದಲ ಐವತ್ತು ಮೀಟರಿನಲ್ಲಿಯೇ ಅಳತೆ ಮೀರಿ ಓಡಿರುತ್ತಾರೆ.

ಉಪಗ್ರಹ ಕಾಣದ ಕಡೆ

ಟ್ರೆಡ್‌ಮಿಲ್ ಮೇಲೆ, ಸುರಂಗದೊಳಗೆ ಉಪಗ್ರಹದ ಸಹಾಯವಿಲ್ಲ. ಆಗ ವಾಚು ನೆಚ್ಚುವುದು ಆಕ್ಸಿಲೆರೋಮೀಟರನ್ನು. ಇದು ಸಿಲಿಕಾನಿನಲ್ಲಿ ಕೊರೆದ, ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪ್ರಿಂಗಿಗೆ ಕಟ್ಟಿದ ಅಷ್ಟೇ ಸಣ್ಣ ತೂಕ. ಬಸ್ಸು ಹಠಾತ್ತಾಗಿ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುವ ಹಾಗೆ ಕೈ ಅಲುಗಿದಾಗಲೆಲ್ಲ ಈ ತೂಕ ವಾಲುತ್ತದೆ, ವಾಲಿದ ಪ್ರಮಾಣವನ್ನು ವಿದ್ಯುತ್ತಿನ ಮೂಲಕ ಅಳೆಯುತ್ತಾರೆ. ಕ್ರಮಬದ್ಧವಾದ ಏರಿಳಿತ ಕಂಡರೆ ಅದು ಹೆಜ್ಜೆ ಎಂದು ಲೆಕ್ಕ. ಏರಿಳಿತ ಕೈಯದೋ ಕಾಲಿನದೋ ಎಂಬ ವಿವೇಚನೆ ಅದಕ್ಕೆ ಪೂರ್ತಿಯಾಗಿ ಇಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದಾಗ, ಜೋಳದ ರೊಟ್ಟಿ ತಟ್ಟುವಾಗ ಹೆಜ್ಜೆಗಳು ಏರಿದರೆ ಆಶ್ಚರ್ಯಪಡಬೇಕಾಗಿಲ್ಲ.

ನಿಮಿಷಕ್ಕೆ ಎಷ್ಟು ಹೆಜ್ಜೆ ಎಂಬುದನ್ನು ಕ್ಯಾಡೆನ್ಸ್ ಎನ್ನುತ್ತಾರೆ. ಅದನ್ನು ವಾಚು ಚೆನ್ನಾಗಿಯೇ ಎಣಿಸುತ್ತದೆ. ತೊಡಕಿರುವುದು ಒಂದು ಹೆಜ್ಜೆಯ ಉದ್ದದಲ್ಲಿ, ಏಕೆಂದರೆ ಅದು ಅಳೆದದ್ದಲ್ಲ, ಅಂದಾಜಿಸಿದ್ದು. ನಿಮಿಷಕ್ಕೆ 165 ಹೆಜ್ಜೆ ಇಡುತ್ತಾ ಗಂಟೆಗೆ 10 ಕಿ.ಮೀ. ಓಡುವವರ ಹೆಜ್ಜೆ ಒಂದು ಮೀಟರಿಗಿಂತ ಒಂದು ಸೆಂಟಿಮೀಟರ್ ಹೆಚ್ಚು. ದಣಿದಾಗ ಅದು 95 ಸೆಂಟಿಮೀಟರಿಗೆ ಇಳಿದು, ವಾಚು ಅದನ್ನು ಗಮನಿಸದಿದ್ದರೆ ದೂರ ನೂರಕ್ಕೆ ಆರರಷ್ಟು ಹೆಚ್ಚಾಗಿ ಬರುತ್ತದೆ. ಬಯಲಿನಲ್ಲಿ ಜಿಪಿಎಸ್ ಹಾಕಿಕೊಂಡು ಬೇರೆ ಬೇರೆ ವೇಗದಲ್ಲಿ ಹಲವು ಬಾರಿ ಓಡಿದರೆ ವಾಚು ನಮ್ಮ ಹೆಜ್ಜೆಯ ಉದ್ದವನ್ನು ಕಲಿತುಕೊಳ್ಳುತ್ತದೆ, ಜಿಮ್ಮಿನಲ್ಲಿ ಆ ಪಾಠವನ್ನು ಒಪ್ಪಿಸುತ್ತದೆ. ಟ್ರೆಡ್‌ಮಿಲ್ ಹಿಡಿಕೆಯನ್ನು ಹಿಡಿದು ಓಡುವವರ ಕೈ ಅಲುಗುವುದೇ ಇಲ್ಲವಾದ್ದರಿಂದ ಅವರ ಲೆಕ್ಕ ಇನ್ನಷ್ಟು ಕೆಡುತ್ತದೆ.

ಟ್ರೆಡ್‌ಮಿಲ್ಲಿನ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಬೆಲ್ಟಿನ ಅಂಚಿನಲ್ಲಿ ಸೀಮೆಸುಣ್ಣದ ಗುರುತು ಹಾಕಿ, ನಿಂತ ಬೆಲ್ಟಿನ ಒಟ್ಟು ಉದ್ದವನ್ನು ಟೇಪಿನಿಂದ ಅಳೆದುಕೊಂಡು, ಒಬ್ಬರು ಓಡುತ್ತಿರುವಾಗ ಇನ್ನೊಬ್ಬರು 50 ಸುತ್ತು ಎಣಿಸಬೇಕು. ಬೆಲ್ಟು ಮೂರು ಮೀಟರ್ ಇದ್ದರೆ 50 ಸುತ್ತಿಗೆ 150 ಮೀಟರ್. ಅದಕ್ಕೆ 54 ಸೆಕೆಂಡ್ ಹಿಡಿದರೆ ವೇಗ ಗಂಟೆಗೆ ಸರಿಯಾಗಿ 10 ಕಿ.ಮೀ.

ಶೂಗೆ ಸಿಕ್ಕಿಸಿಕೊಳ್ಳುವ ಫುಟ್‌ಪಾಡ್ ಎಂಬ ಉಪಕರಣ ಈ ಕೆಲಸದಲ್ಲಿ ಕೈಗಡಿಯಾರವನ್ನು ಮೀರಿಸುತ್ತದೆ. ಕಾರಣ ಸರಳವಾಗಿದೆ. ಓಡುವಾಗ ಇಡೀ ದೇಹದಲ್ಲಿ ಕ್ಷಣಕಾಲವಾದರೂ ಸಂಪೂರ್ಣ ನಿಲ್ಲುವ ಭಾಗವೆಂದರೆ ನೆಲಕ್ಕೂರಿದ ಪಾದ. ಪ್ರತಿ ಬಾರಿ ಪಾದ ಊರಿದಾಗಲೂ ಉಪಕರಣ ತನ್ನ ಲೆಕ್ಕವನ್ನು ಸೊನ್ನೆಗೆ ತಂದುಕೊಳ್ಳಬಹುದು. ಹಿಂದಿನ ಹೆಜ್ಜೆಯ ತಪ್ಪು ಮುಂದಿನ ಹೆಜ್ಜೆಗೆ ಸೇರುವುದಿಲ್ಲ. ಕೈಗೆ ಅಂಥ ನಿಲುಗಡೆ ಇಲ್ಲ.

ಓಟದ ದಾರಿಯನ್ನು ಅಳೆಯುವುದು ಸೈಕಲ್

ಇನ್ನು ತಕರಾರಿನ ಇನ್ನೊಂದು ಮಗ್ಗುಲು. ಅಧಿಕೃತ ಮಾನ್ಯತೆಯಿರುವ ಓಟಗಳ ದಾರಿಯನ್ನು ಜಿಪಿಎಸ್‌ನಿಂದ ಅಳೆಯುವುದಿಲ್ಲ ಎಂದರೆ ಅನೇಕರು ನಂಬುವುದಿಲ್ಲ. ಅದನ್ನು ಅಳೆಯುವುದು ಸೈಕಲ್. ಮುಂದಿನ ಚಕ್ರದ ಗುಂಬಕ್ಕೆ ಜೋನ್ಸ್ ಕೌಂಟರ್ ಎಂಬ ಸಣ್ಣ ಎಣಿಕೆಯ ಯಂತ್ರವನ್ನು ಕೂರಿಸಿರುತ್ತಾರೆ. ಅಮೆರಿಕದ ಅಲನ್ ಜೋನ್ಸ್ 1970ರ ದಶಕದ ಆರಂಭದಲ್ಲಿ ರೂಪಿಸಿದ್ದು ಇದು. ಚಕ್ರದ ಒಂದು ಸುತ್ತಿಗೆ ಇಪ್ಪತ್ತಕ್ಕಿಂತ ಹೆಚ್ಚು ಎಣಿಕೆ ಬೀಳುವುದರಿಂದ ಸುಮಾರು ಹತ್ತು ಸೆಂಟಿಮೀಟರಿನವರೆಗೆ ಲೆಕ್ಕ ಸಿಗುತ್ತದೆ. ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಹಲವು ಬಾರಿ ಓಡಿಸಿ ಒಂದು ಕಿಲೋಮೀಟರಿಗೆ ಎಷ್ಟು ಎಣಿಕೆ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ದಾರಿಯನ್ನು ಅಳೆದು ಮುಗಿದ ಮೇಲೆ ಮತ್ತೆ ಅಲ್ಲಿಗೇ ಬಂದು ಇನ್ನೊಮ್ಮೆ ಪರೀಕ್ಷಿಸುತ್ತಾರೆ, ಏಕೆಂದರೆ ಬಿಸಿಲೇರಿದಂತೆ ಟೈರಿನ ಗಾಳಿ ಹಿಗ್ಗಿ ಚಕ್ರ ಕೂದಲೆಳೆಯಷ್ಟು ದೊಡ್ಡದಾಗಿರುತ್ತದೆ.

ಅಳೆಯುವುದು ರಸ್ತೆಯ ನಡುವಿನಿಂದಲ್ಲ. ಓಟಗಾರರಿಗೆ ಸಾಧ್ಯವಿರುವ ಅತಿ ಹತ್ತಿರದ ದಾರಿಯನ್ನು, ಅಂದರೆ ತಿರುವುಗಳಲ್ಲಿ ಒಳಗಿನ ಕಟ್ಟೆಯಿಂದ 30 ಸೆಂಟಿಮೀಟರ್ ಬಿಟ್ಟು, ಒಂದು ತಿರುವಿನಿಂದ ಮುಂದಿನ ತಿರುವಿಗೆ ಓರೆಯಾಗಿ ದಾಟಿ ಅಳೆಯುತ್ತಾರೆ. ಅದರ ಮೇಲೆ ದಾರಿ ಯಾವ ಕಾರಣಕ್ಕೂ ಗಿಡ್ಡವಾಗಬಾರದೆಂದು ಸಾವಿರಕ್ಕೆ ಒಂದರಂತೆ ಸೇರಿಸುತ್ತಾರೆ. ಹತ್ತು ಕಿಲೋಮೀಟರಿಗೆ 10 ಮೀಟರ್, ಮ್ಯಾರಥಾನಿಗೆ 42 ಮೀಟರ್.

ಸಾವಿರಾರು ಜನರ ನೂಕುನುಗ್ಗಲಿನಲ್ಲಿ ಆ ಹತ್ತಿರದ ದಾರಿ ಯಾರಿಗೆ ಸಿಗುತ್ತದೆ? ಲಂಬಕೋನದ ಒಂದು ತಿರುವನ್ನು ಒಳಗಿನ ಅಂಚಿನಿಂದ 10 ಮೀಟರ್ ಆಚೆ ಹಾದುಹೋದರೆ 15 ಮೀಟರಿಗಿಂತ ಹೆಚ್ಚು ಸೇರುತ್ತದೆ, ಆರು ತಿರುವುಗಳಲ್ಲಿ ಹಾಗೇ ಆದರೆ 90 ಮೀಟರ್ ದಾಟುತ್ತದೆ. ನೀರಿನ ಮೇಜಿನ ಕಡೆಗೆ ಹೋದದ್ದು, ನಡೆಯುವವರನ್ನು ಬಳಸಿ ದಾಟಿದ್ದು ಬೇರೆ. ಹೀಗಾಗಿ 10.15ರಲ್ಲಿ ಒಂದು ಪಾಲು ಚುಕ್ಕಿಗಳ ಅಂಕುಡೊಂಕು; ಇನ್ನೊಂದು ಪಾಲನ್ನು ಓಟಗಾರರು ನಿಜವಾಗಿಯೂ ಓಡಿರುತ್ತಾರೆ. ವಾಚು ಅಲ್ಲಿ ಸರಿಯಾಗಿಯೇ ಹೇಳಿದೆ, ದಾರಿಯೂ ಸರಿಯಾಗಿಯೇ ಇದೆ.

ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿಯೂ ಇದೇ ಕಥೆ. 400 ಎಂಬುದು ಮೊದಲ ಲೇನಿಗೆ ಮಾತ್ರ. ಪ್ರತಿ ಲೇನು 1.22 ಮೀಟರ್ ಅಗಲವಿರುವುದರಿಂದ ಒಂದೊಂದು ಲೇನ್ ಹೊರಗೆ ಹೋದಂತೆ ಸುತ್ತಿಗೆ ಏಳು ಮೀಟರಿಗಿಂತ ಹೆಚ್ಚು ಸೇರುತ್ತದೆ, ಎಂಟನೆಯ ಲೇನಿನಲ್ಲಿ ಒಂದು ಸುತ್ತು 450 ಮೀಟರ್ ದಾಟುತ್ತದೆ. ವಾಚನ್ನು ಪರೀಕ್ಷಿಸಲು ಹೋದವರು ನಾಲ್ಕನೆಯ ಲೇನಿನಲ್ಲಿ ಹತ್ತು ಸುತ್ತು ಓಡಿ ವಾಚನ್ನು ಬೈಯುವುದನ್ನು ಕಂಡಿದ್ದೇನೆ.

ಕೊಳ್ಳುವಾಗ, ಓಡುವಾಗ

ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಜಿಪಿಎಸ್ ವಾಚಿನೊಳಗೇ ಇದೆಯೇ ಎಂಬುದು. ಪೆಟ್ಟಿಗೆಯ ಮೇಲೆ ‘ಬಿಲ್ಟ್-ಇನ್ ಜಿಪಿಎಸ್’ ಎಂದಿದ್ದರೆ ಇದೆ. ‘ಕನೆಕ್ಟೆಡ್ ಜಿಪಿಎಸ್’ ಎಂದಿದ್ದರೆ ಅದು ಫೋನಿನಿಂದ ಎರವಲು ಪಡೆಯುತ್ತದೆ. ಫೋನನ್ನು ಮನೆಯಲ್ಲಿ ಬಿಟ್ಟು ಓಡಿದರೆ ಹೆಜ್ಜೆಯ ಅಂದಾಜೇ ಗತಿ. ಅಗ್ಗದ ಫಿಟ್‌ನೆಸ್ ಬ್ಯಾಂಡುಗಳು ಬಹುತೇಕ ಈ ಎರಡನೆಯ ಬಗೆಯವು.

ಮನೆಯಿಂದ ಹೊರಟ ಕೂಡಲೇ ಗುಂಡಿ ಒತ್ತಿ ಓಡಬಾರದು. ಜಿಪಿಎಸ್ ಉಪಗ್ರಹ ಸೆಕೆಂಡಿಗೆ ಕೇವಲ 50 ಬಿಟ್‌ಗಳ ಆಮೆವೇಗದಲ್ಲಿ ಮಾಹಿತಿ ಕಳುಹಿಸುತ್ತದೆ. ತಾನೆಲ್ಲಿದ್ದೇನೆಂದು ಒಂದು ಉಪಗ್ರಹ ಹೇಳಿ ಮುಗಿಸಲು ಅರ್ಧ ನಿಮಿಷ ಬೇಕು, ಎಲ್ಲ ಉಪಗ್ರಹಗಳ ಒರಟು ಪಂಚಾಂಗವನ್ನು ಪೂರ್ತಿ ಸಾರಲು ಹನ್ನೆರಡೂವರೆ ನಿಮಿಷ ಬೇಕು. ವಾಚನ್ನು ಹಿಂದಿನ ರಾತ್ರಿ ಫೋನಿನೊಂದಿಗೆ ಸಿಂಕ್ ಮಾಡಿದ್ದರೆ ಆ ಪಂಚಾಂಗ ಇಂಟರ್‌ನೆಟ್ಟಿನ ಮೂಲಕ ಮೊದಲೇ ಬಂದು ಕೂತಿರುತ್ತದೆ. ಆದರೂ ‘ರೆಡಿ’ ಎಂದು ತೋರಿಸಿದ ಮೇಲೆ ತೆರೆದ ಆಕಾಶದ ಕೆಳಗೆ ಇನ್ನೊಂದು ನಿಮಿಷ ನಿಂತರೆ ಮೊದಲ ಕಿಲೋಮೀಟರಿನ ಲೆಕ್ಕ ಸುಧಾರಿಸುತ್ತದೆ.

ಓಡುವಾಗ ಪರದೆಯ ಮೇಲೆ ಆ ಕ್ಷಣದ ಪೇಸಿಗೆ ಬದಲಾಗಿ ಲ್ಯಾಪ್ ಪೇಸ್, ಅಂದರೆ ಈಗಿನ ಕಿಲೋಮೀಟರಿನ ಆರಂಭದಿಂದ ಇಲ್ಲಿಯವರೆಗಿನ ಸರಾಸರಿಯನ್ನು ಇಟ್ಟುಕೊಳ್ಳುವುದು ಅನುಭವಿಗಳ ಪದ್ಧತಿ. ಸ್ಪರ್ಧೆಯಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಾಚು ತಾನಾಗಿ ಕಿಲೋಮೀಟರ್ ಎಣಿಸುವುದನ್ನು ಆರಿಸಿಬಿಡುತ್ತಾರೆ, ರಸ್ತೆ ಬದಿಯಲ್ಲಿ ನಿಲ್ಲಿಸಿದ ಕಿಲೋಮೀಟರ್ ಫಲಕ ಬಂದಾಗಲೆಲ್ಲ ಲ್ಯಾಪ್ ಗುಂಡಿಯನ್ನು ತಾವೇ ಒತ್ತುತ್ತಾರೆ. ಆಗ ದೂರ ಸೈಕಲ್ ಅಳೆದದ್ದು, ಸಮಯ ಮಾತ್ರ ವಾಚಿನದು.

ಫಲಕಗಳನ್ನು ಹುಡುಕುವ ಗೋಜು ಬೇಡವೆನ್ನುವವರಿಗೆ ಇನ್ನೊಂದು ಲೆಕ್ಕವಿದೆ. ಹಿಂದಿನ ಓಟಗಳಲ್ಲಿ ತಮ್ಮ ವಾಚು ಸಾಮಾನ್ಯವಾಗಿ 10.15 ತೋರಿಸಿದ್ದರೆ 60 ನಿಮಿಷವನ್ನು ಹತ್ತರಿಂದಲ್ಲ, 10.15ರಿಂದ ಭಾಗಿಸಬೇಕು. 5 ನಿಮಿಷ 54 ಸೆಕೆಂಡಿಗಿಂತ ತುಸು ಹೆಚ್ಚು ಬರುತ್ತದೆ. ವಾಚು 5:59ರ ಬದಲು 5:54 ತೋರಿಸುವಂತೆ ಓಡಿದರೆ ಅಂತಿಮ ಗೆರೆಯ ಮೇಲೆ ಹಾಸಿದ, ಸಮಯ ದಾಖಲಿಸುವ ಚಾಪೆ ದಾಟುವಾಗ 59 ನಿಮಿಷ 53 ಸೆಕೆಂಡ್ ಆಗಿರುತ್ತದೆ. ಎದೆಯ ಮೇಲಿನ ಸಂಖ್ಯೆಯ ಚೀಟಿಯ, ಅಂದರೆ ಬಿಬ್‌ನ ಹಿಂದೆ ಅಂಟಿಸಿದ ಚಿಪ್ ಆ ಚಾಪೆಗೆ ಹೇಳುವುದು ಅದೊಂದನ್ನೇ. ಓಡಿದ ದೂರ ಎಷ್ಟೆಂದು ಅದು ಕೇಳುವುದಿಲ್ಲ.